ಶ್ರೀರಂಗಪಟ್ಟಣದ ಬಂದೂಕುಗಳ ನಳಿಗೆಯ ಅಲಂಕಾರ: ಅದರ ಪ್ರಯೋಜನದ ವಿಚಾರ

ಆಯುಧಕ್ಕೆ ಅಲಂಕಾರವೇಕೆ ಎಂಬುದು ಹಳೆಯ ಪ್ರಶ್ನೆ. ಹಿಡಿಗೆ ರತ್ನವನ್ನು ಕೂರಿಸಿದ ಮಾತ್ರಕ್ಕೆ ಕತ್ತಿಯ ಅಲಗು ಹರಿತವಾಗುವುದಿಲ್ಲ. ನಳಿಗೆಗೆ ಚಿನ್ನವನ್ನು ಬಿಗಿದ ಮಾತ್ರಕ್ಕೆ ಗುಂಡು ಹೆಚ್ಚು ದೂರ ಹೋಗುವುದಿಲ್ಲ. ಹಾಗಿದ್ದರೂ ಮೈಸೂರಿನ ಟೀಪೂ ಸುಲ್ತಾನನು (1782–1799) ತನ್ನ ರಾಜಧಾನಿಯಾದ ಶ್ರೀರಂಗಪಟ್ಟಣದ ಕಾರ್ಖಾನೆಗಳಲ್ಲಿ ಮಾಡಿಸಿದ ಉತ್ತಮ ಬಂದೂಕುಗಳಲ್ಲಿ ಅಲಂಕಾರವಿಲ್ಲದ ಭಾಗವೇ ವಿರಳ. ಸದಾ ಯುದ್ಧದ ಅಂಚಿನಲ್ಲಿದ್ದ ರಾಜ್ಯವೊಂದು ಈ ಕೆಲಸಕ್ಕೆ ಕುಶಲರ ಶ್ರಮವನ್ನೂ ಬೊಕ್ಕಸದ ಹಣವನ್ನೂ ವ್ಯಯಮಾಡಿದುದು ಸಾರ್ಥಕವಾಯಿತೇ ಎಂಬುದನ್ನು ಪ್ರಕೃತ ಲೇಖನದಲ್ಲಿ ವಿಚಾರಿಸುತ್ತೇವೆ.

ಮೊದಲು ಅಲಂಕಾರದ ಸ್ವರೂಪವನ್ನು ನೋಡೋಣ. ಅದರ ಜೀವಾಳ ಹುಲಿ. ನಳಿಗೆಯ ಮೇಲೆ ‘ಬಬ್ರಿ’ ಎಂಬ ಹುಲಿಪಟ್ಟೆಗಳನ್ನು ಚಿನ್ನಬೆಳ್ಳಿಗಳಿಂದ ಕೂರಿಸಿದ್ದಾರೆ. ಚಕಮಕಿ ಕಲ್ಲನ್ನು ಕಚ್ಚಿ ಹಿಡಿಯುವ ಕೊಕ್ಕೆಯನ್ನು ಅನೇಕ ಬಂದೂಕುಗಳಲ್ಲಿ ಹುಲಿಯ ಆಕಾರದಲ್ಲಿ ಕಡೆದಿದ್ದಾರೆ. ಕಂಚಿನ ಫಿರಂಗಿಗಳಲ್ಲಿ ಕೆಲವಕ್ಕೆ ಮೂತಿಯನ್ನೇ ಬಾಯ್ದೆರೆದ ಹುಲಿಯಾಗಿ ಎರಕ ಹೊಯ್ದಿದ್ದಾರೆ. ಇವುಗಳ ಜೊತೆಗೆ ಹೈದರನ ಹೆಸರಿನ ಮುದ್ರೆ, ತಯಾರಾದ ಸ್ಥಳವಾದ ‘ಪಟ್ಟಣ’ದ ಹೆಸರು, ಟೀಪೂ ಜಾರಿಗೆ ತಂದ ಹೊಸ ಶಕೆಯ ವರ್ಷ, ಕೆಲವೆಡೆ ಕಮ್ಮಾರನ ಹೆಸರು ಇವೂ ಕಂಡುಬರುತ್ತವೆ.

ಇವುಗಳಿಂದ ಆಯುಧದ ಗುಣ ಹೆಚ್ಚಿತೇ? ಹೆಚ್ಚಲಿಲ್ಲವೆಂದೇ ಹೇಳಬೇಕು. ಮದ್ದು ಸಿಡಿದಾಗ ಒತ್ತಡವು ನಳಿಗೆಯ ಬುಡದಲ್ಲಿ ಅತ್ಯಧಿಕವಾಗಿದ್ದು, ಗುಂಡು ಮುಂದೆ ಸರಿದಂತೆ ಇಳಿಯುತ್ತ ಹೋಗುತ್ತದೆ. ಆದುದರಿಂದ ಮೂತಿಯ ಬಳಿ ಸೇರಿಸಿದ ಲೋಹವು ಬಲವನ್ನು ಕೊಡುವುದಿಲ್ಲ. ಅಲ್ಲಿಯ ಹೊರಮೈಯ ಮೆಲುಕೆತ್ತನೆ ಬಲವನ್ನು ಕುಗ್ಗಿಸುವುದೂ ಇಲ್ಲ. ಮೂತಿ ಭಾರವಾದರೆ ಗುಂಡು ಹಾರುವಾಗ ನಳಿಗೆ ಮೇಲಕ್ಕೆ ಕುಪ್ಪಳಿಸುವುದು ಕೊಂಚ ತಗ್ಗೀತು; ಆದರೆ ಹೊತ್ತು ನಡೆಯುವವನ ತೋಳಿಗೆ ಅದು ಹೊರೆಯೇ ಸರಿ. ಬ್ಲಂಡರ್‌ಬಸ್ ಎಂಬ ಅಗಲಬಾಯಿಯ ಬಂದೂಕನ್ನು ಇಲ್ಲಿ ನೆನೆಯಬಹುದು. ಅರಳಿದ ಬಾಯಿಯಿಂದ ಚಿಲ್ಲುಗಳು ಅಗಲವಾಗಿ ಚೆದುರುತ್ತವೆಂಬ ನಂಬಿಕೆ ಬಹುಕಾಲ ಬಳಕೆಯಲ್ಲಿತ್ತು. ಆ ಆಕಾರದಿಂದ ಚೆದುರುವಿಕೆಯಲ್ಲಿ ಹೆಚ್ಚಿನ ವ್ಯತ್ಯಾಸವಾಗುವುದಿಲ್ಲ. ಕುದುರೆಯ ಮೇಲೋ ಹಡಗಿನಲ್ಲೋ ಅಲುಗಾಡುತ್ತ ಮದ್ದು ತುಂಬುವವನಿಗೆ ಅನುಕೂಲ, ಎದುರಿಗಿದ್ದವನಿಗೆ ಭಯ—ಅದರ ಪ್ರಯೋಜನ ಮುಖ್ಯವಾಗಿ ಇಷ್ಟೇ.

ಆದರೆ ಗುರಿ ಮತ್ತು ದೂರಗಳಿಂದ ಮಾತ್ರವೇ ಆಯುಧದ ಬೆಲೆ ಕಟ್ಟುವುದು ಇತಿಹಾಸಕಾರನಿಗೆ ಸಲ್ಲದು. ಹುಲಿಪಟ್ಟೆಯು ಬಂದೂಕಿಗೆ ಮಾತ್ರ ಮೀಸಲಾಗಿರಲಿಲ್ಲ. ಸಿಂಹಾಸನದಲ್ಲಿ ಹುಲಿಯಿತ್ತು, ಸಿಪಾಯಿಯ ಉಡುಪಿನಲ್ಲಿ ಅದರ ಪಟ್ಟೆಯಿತ್ತು. ಹೈದರನದು ಪರಂಪರೆಯಿಂದ ಬಂದ ದೊರೆತನವಲ್ಲ. ಒಡೆಯರ ಮನೆತನ ಇದ್ದಂತೆಯೇ ಅಧಿಕಾರವನ್ನು ಕೈಗೆ ತೆಗೆದುಕೊಂಡವನು ಅವನು. ಇಂಥವನ ಮಗನಿಗೆ ತನ್ನ ಪ್ರಭುತ್ವವನ್ನು ಕಣ್ಣಿಗೆ ಕಾಣುವಂತೆ ಸಾರುವ ಲಾಂಛನ ಬೇಕಾಗಿದ್ದುದು ಸಹಜ. ಓದುಬಾರದ ಸಿಪಾಯಿಯೂ ಹುಲಿಪಟ್ಟೆಯನ್ನು ಓದಬಲ್ಲನು. ಇನ್ನು ಸ್ಥಳ, ವರ್ಷ, ಹೆಸರುಗಳ ಕೆತ್ತನೆಯಾದರೋ ಕೆಲಸಕ್ಕೆ ಹೊಣೆಗಾರನನ್ನು ಗೊತ್ತುಮಾಡುತ್ತದೆ. 1788ರಲ್ಲಿ ಫ್ರಾನ್ಸಿನ ಹದಿನಾರನೆಯ ಲೂಯಿಯ ಆಸ್ಥಾನವನ್ನು ಮುಟ್ಟಿದ ತನ್ನ ರಾಯಭಾರಿಗಳ ಮೂಲಕ ಕುಶಲಕರ್ಮಿಗಳನ್ನು ಬೇಡಿದ ದೊರೆಗೆ, ಸ್ವಂತ ಕಾರ್ಖಾನೆಯ ಕೀರ್ತಿಯೂ ರಾಜಕಾರ್ಯದ ಒಂದು ಭಾಗವೇ ಆಗಿತ್ತು.

ಈ ವಾದಕ್ಕೂ ಒಂದು ಮಿತಿಯುಂಟು. 1799ನೆಯ ಮೇ 4ರಂದು ಕೋಟೆ ಬಿದ್ದಾಗ ಹುಲಿಯ ಲಾಂಛನ ಕೋಟೆಯನ್ನು ಉಳಿಸಲಿಲ್ಲ. ಅದೇ ಮುತ್ತಿಗೆಯಲ್ಲಿ ಆಂಗ್ಲರನ್ನು ನಿಜವಾಗಿ ಕಾಡಿದ ಆಯುಧಗಳಲ್ಲಿ ಒಂದು, ಬಿದಿರ ಗಳುವಿಗೆ ಕಟ್ಟಿದ ಬರಿಯ ಕಬ್ಬಿಣದ ಕೊಳವೆಯಾದ ಅಗ್ನಿಬಾಣ. ಏಪ್ರಿಲ್ 5ರ ರಾತ್ರಿ ಸುಲ್ತಾನ್‌ಪೇಟೆಯ ತೋಪಿನಲ್ಲಿ ಆರ್ಥರ್ ವೆಲ್ಲೆಸ್ಲಿಯ ಪಡೆ ಗೊಂದಲಕ್ಕೀಡಾದಾಗ ಆ ಬಾಣಗಳೂ ಹಾರಿದ್ದವು. ಆ ಕೊಳವೆಗೆ ಚಿನ್ನವಿರಲಿಲ್ಲ, ಹುಲಿಯ ಮೊಗವಿರಲಿಲ್ಲ. ಆದರೂ ವಿಲಿಯಂ ಕಾಂಗ್ರೀವನು ವುಲ್‌ವಿಚ್ಚಿನಲ್ಲಿ ನಡೆಸಿದ ಪ್ರಯೋಗಗಳಿಗೆ ಪ್ರೇರಣೆಯಾದುದು ಅದು; 1807ರಲ್ಲಿ ಕೋಪನ್‌ಹೇಗನ್ನಿನ ಮೇಲೆ ಬಿದ್ದುದು ಅದರ ಸಂತತಿ.

ಈ ಎರಡು ಆಯುಧಗಳ ಮುಂದಿನ ಗತಿಯೇ ನಮ್ಮ ಪ್ರಶ್ನೆಗೆ ಉತ್ತರವನ್ನು ಸೂಚಿಸುತ್ತದೆ. ಅಲಂಕೃತ ಬಂದೂಕುಗಳು ಕೊಳ್ಳೆಯ ಪಾಲಾಗಿ ಇಂಗ್ಲೆಂಡಿನ ಅರಮನೆಗಳಿಗೂ ವಸ್ತುಸಂಗ್ರಹಾಲಯಗಳಿಗೂ ಸೇರಿ ಸುರಕ್ಷಿತವಾಗಿ ಉಳಿದವು. 2015ರಲ್ಲಿ ಲಂಡನ್ನಿನ ಹರಾಜೊಂದರಲ್ಲಿ ಟೀಪೂವಿನ ಸಂಗ್ರಹದ 30 ಬಾಬುಗಳು 60 ಲಕ್ಷ ಪೌಂಡುಗಳಿಗೂ ಹೆಚ್ಚು ಬೆಲೆಗೆ ಮಾರಾಟವಾದವು. ಅಗ್ನಿಬಾಣಗಳಾದರೋ ಶಿವಮೊಗ್ಗ ಜಿಲ್ಲೆಯ ನಗರದಲ್ಲಿ ಪಾಳುಬಾವಿಯೊಂದರ ಕೆಸರಿನಲ್ಲಿ ಹುದುಗಿದ್ದು, 2018ರಲ್ಲಿ 1,000ಕ್ಕೂ ಹೆಚ್ಚು ಸಂಖ್ಯೆಯಲ್ಲಿ ಹೊರಬಂದವು. ಸಾಮಾನ್ಯ ಸಿಪಾಯಿ ಹೊತ್ತ ಅಲಂಕಾರವಿಲ್ಲದ ಬಂದೂಕಿಗೆ ಈ ಭಾಗ್ಯವೂ ಬಹುಮಟ್ಟಿಗೆ ಒದಗಲಿಲ್ಲ.

ಹೀಗೆ ಅಲಂಕಾರವು ಗುಂಡಿಗೆ ಏನನ್ನೂ ಕೊಡದಿದ್ದರೂ ಬಂದೂಕಿಗೆ ದೀರ್ಘಾಯುಸ್ಸನ್ನು ಕೊಟ್ಟಿತು. ಶ್ರೀರಂಗಪಟ್ಟಣದ ಕಮ್ಮಾರರಲ್ಲಿ ಕೆಲವರ ಹೆಸರಾದರೂ ನಮಗೆ ತಿಳಿದುಬಂದಿರುವುದು ಅದರ ಉಪಕಾರ. ಆದರೆ ಇದರಲ್ಲೇ ನಮಗೊಂದು ಎಚ್ಚರಿಕೆಯೂ ಇದೆ. ಉಳಿದುಬಂದ ಚೆಲುವಾದ ಕೆಲವನ್ನು ನೋಡಿ ಅಳಿದುಹೋದ ಸಾದಾ ಸಾವಿರಗಳನ್ನು ಮರೆತರೆ, ಮೈಸೂರಿನ ಸೈನ್ಯವು ಅರಮನೆಯ ಆಯುಧಶಾಲೆಯಂತೆಯೇ ಇದ್ದಿತೆಂಬ ಭ್ರಮೆ ಹುಟ್ಟುತ್ತದೆ. ಯುದ್ಧಭೂಮಿಯ ಚರಿತ್ರೆಯನ್ನು ಬರೆಯುವವರು ಗಾಜಿನ ಪೆಟ್ಟಿಗೆಯ ಹುಲಿಯನ್ನು ನೋಡಿದ ಮೇಲೆ ಬಾವಿಯ ಕೆಸರಿನ ಕಬ್ಬಿಣವನ್ನೂ ನೋಡಬೇಕೆಂಬುದು ನಮ್ಮ ಅಭಿಪ್ರಾಯ.