ಶೆಲ್ಲಿನಲ್ಲಿ ಪೂರ್ವಸ್ಥಿತಿಯ ಪುನಃಸ್ಥಾಪನೆ: ಒಂದು ಐತಿಹಾಸಿಕ ವಿವೇಚನೆ

ಬಿ. ಎಲ್. ರೈಸರ ‘ಎಪಿಗ್ರಾಫಿಯಾ ಕರ್ನಾಟಿಕಾ’ದ ಹತ್ತನೆಯ ಸಂಪುಟವು 1905ರಲ್ಲಿ ಪ್ರಕಟವಾದಾಗ ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ ಮೊದಲಾದ ತಾಲ್ಲೂಕುಗಳ ಶಾಸನಗಳಿಗೆ ತಾಲ್ಲೂಕುವಾರು ಕ್ರಮಸಂಖ್ಯೆಗಳು ಪ್ರಾಪ್ತವಾದವು. ಇಂದು ಆ ಶಾಸನಗಳ ಊರಹೆಸರುಗಳ ಸೂಚಿಯೊಂದನ್ನು ಲಿನಕ್ಸ್ ಗಣಕದಲ್ಲಿ ಸಿದ್ಧಪಡಿಸಹೊರಡುವ ಅಭ್ಯಾಸಿಗೆ ಮೊದಲು ಎದುರಾಗುವ ತೊಡಕು ಅಕಾರಾದಿಯದು. ಯೂನಿಕೋಡಿನ ಸಂಕೇತಪಟ್ಟಿಯಲ್ಲಿ ಳಕಾರವು ಲಕಾರದ ಮಗ್ಗುಲಲ್ಲಿ, ವಕಾರಕ್ಕಿಂತ ಮೊದಲೇ ಕುಳಿತಿದೆ (ಭಾರತೀಯ ಲಿಪಿಗಳನ್ನೆಲ್ಲ ಒಂದೇ ಸಾಲಿಗೆ ಹೊಂದಿಸಿದ ಇಸ್ಕಿ ಸಂಕೇತದಿಂದ ಬಂದ ಬಳುವಳಿಯಿದು). ನಮ್ಮ ವರ್ಣಮಾಲೆಯಲ್ಲಾದರೋ ಅದರ ಸ್ಥಾನ ಹಕಾರದ ತರುವಾಯ. ಆದುದರಿಂದ ಸಂಕೇತಪಟ್ಟಿಯ ಕ್ರಮವನ್ನೇ ಅನುಸರಿಸುವ ‘ಸಿ’ ಎಂಬ ಲೊಕೇಲಿನಲ್ಲಿ (ಭಾಷಾವ್ಯವಸ್ಥೆಯಲ್ಲಿ) ‘ಸಾರ್ಟ್’ ಆಜ್ಞೆಯನ್ನು ನಡೆಸಿದರೆ, ‘ಮುಸ’ ಎಂದು ಮೊದಲಾಗುವ ಹೆಸರುಗಳ ಬಳಿಕ ಬರತಕ್ಕ ಮುಳಬಾಗಿಲು ಅವುಗಳಿಗಿಂತ ಮೇಲೇರಿ ನಿಲ್ಲುತ್ತದೆ. ಹಾಗೆಂದು ‘ಸಿ’ ಲೊಕೇಲನ್ನು ತ್ಯಜಿಸುವಂತೆಯೂ ಇಲ್ಲ. ಎರಡು ಪಟ್ಟಿಗಳನ್ನು ‘ಜಾಯಿನ್’ ಆಜ್ಞೆಯಿಂದ ಕೂಡಿಸುವಾಗ ಅವೆರಡೂ ಏಕಕ್ರಮದಲ್ಲಿರಲೇಬೇಕಾಗಿ, ಆ ಕಾರ್ಯಕ್ಕೆ ಭಾಷಾನಿರಪೇಕ್ಷವಾದ ಸಂಕೇತಕ್ರಮವೇ ನಿರಪಾಯಕರ. ಕ್ಷಣಕಾಲ ವ್ಯವಸ್ಥೆಯನ್ನು ಬದಲಿಸಿ, ಕೆಲಸ ತೀರಿದೊಡನೆ ಹಿಂದಿನದಕ್ಕೆ ಮರಳುವ ಈ ಅಗತ್ಯವು ಹೆಚ್ಚುಕಡಿಮೆ ಯೂನಿಕ್ಸಿನಷ್ಟೇ ಹಳೆಯದು.

ಬೆಲ್ ಪ್ರಯೋಗಾಲಯದ ಡೆನ್ನಿಸ್ ರಿಚಿಯವರು ಯೂನಿಕ್ಸಿನ ವಿಕಾಸವನ್ನು ಕುರಿತು ಬರೆದ ಪ್ರಬಂಧದಲ್ಲಿ ನಮೂದಿಸಿರುವ ಒಂದು ಪ್ರಸಂಗ ಇಲ್ಲಿ ಮನನೀಯವಾಗಿದೆ. ಪಿಡಿಪಿ-7 ಯಂತ್ರದ ಆ ಆರಂಭದ ದಿನಗಳಲ್ಲಿ ‘ಫೋರ್ಕ್’ ಎಂಬ ಸೌಕರ್ಯವನ್ನು ಅಳವಡಿಸಿ, ಪ್ರತಿಯೊಂದು ಆಜ್ಞೆಯೂ, ಆಜ್ಞೆಗಳನ್ನು ಓದಿ ನಡೆಸುವ ಶೆಲ್ಲಿನಿಂದ ಹುಟ್ಟಿದ ಪ್ರತ್ಯೇಕ ಶಿಶುಪ್ರಕ್ರಿಯೆಯಲ್ಲಿ ನಡೆಯುವಂತೆ ಮಾಡಿದಾಗ, ಡೈರೆಕ್ಟರಿಯನ್ನು ಬದಲಿಸುವ ಆಜ್ಞೆ ಇದ್ದಕ್ಕಿದ್ದಂತೆ ನಿಷ್ಫಲವಾಯಿತು. ಕಾರಣವಿಷ್ಟೆ: ಶಿಶುವು ತನ್ನ ಡೈರೆಕ್ಟರಿಯನ್ನೇನೋ ಬದಲಿಸಿಕೊಳ್ಳುತ್ತಿತ್ತು, ಆದರೆ ಮರುಕ್ಷಣವೇ ಅಳಿದುಹೋಗುತ್ತಿತ್ತು, ಮಾತೃಪ್ರಕ್ರಿಯೆಯಾದ ಶೆಲ್ಲು ಇದ್ದಲ್ಲಿಯೇ ಇರುತ್ತಿತ್ತು. ಆ ಆಜ್ಞೆಯನ್ನು ಶೆಲ್ಲೇ ಸ್ವತಃ ನಿರ್ವಹಿಸುವಂತೆ ತಿದ್ದಲಾಯಿತು. ಅಂದು ದೋಷವೆಂದು ಕಂಡ ಆ ಗುಣವೇ ಅನಂತರದಲ್ಲಿ ಉಪಕರಣವಾಯಿತೆಂಬುದು ನನ್ನ ಅಭಿಪ್ರಾಯ. ರಿಚಿಯವರ ಸಹೋದ್ಯೋಗಿ ಕೆನ್ ಥಾಂಪ್ಸನ್ನರ ಶೆಲ್ಲಿನಲ್ಲಿಯೇ ಆಜ್ಞೆಗಳನ್ನು ಆವರಣಚಿಹ್ನೆಗಳೊಳಗೆ ಬರೆಯುವ ಪದ್ಧತಿಯಿದ್ದಿತು. ಆವರಣದೊಳಗಿನ ಬದಲಾವಣೆ ಅದನ್ನು ನಡೆಸಿದ ಶಿಶುವಿನೊಡನೆಯೇ ಲಯವಾಗುವುದರಿಂದ ಪೂರ್ವಸ್ಥಿತಿಯನ್ನು ಯಾರೂ ನೆನಪಿಡಬೇಕಾಗಿಲ್ಲ. ಯೂನಿಕ್ಸಿನ 1979ರ ಏಳನೆಯ ಆವೃತ್ತಿಯೊಡನೆ ಬಂದ ಸ್ಟೀಫನ್ ಬೌರ್ನ್ ಅವರ ಶೆಲ್ಲು ಇನ್ನೂ ಲಘುವಾದ ಉಪಾಯವನ್ನಿತ್ತಿತು: ಆಜ್ಞೆಗೆ ಮೊದಲೇ, ಅದೇ ಸಾಲಿನಲ್ಲಿ, ಲೊಕೇಲನ್ನು ನಿರ್ಧರಿಸುವ ಇಂದಿನ ‘ಎಲ್‌ಸಿ ಆಲ್’ನಂಥ ಚರಾಂಶದ ಬೆಲೆಯನ್ನು ಬರೆದರೆ ಅದು ಆ ಒಂದು ಆಜ್ಞೆಗೆ ಮಾತ್ರ ಅನ್ವಯಿಸುತ್ತದೆ. ನಮ್ಮ ಸೂಚಿಕಾರನಿಗೆ ಬೇಕಾದುದು ಇಷ್ಟೇ.

ಆದರೆ ಟರ್ಮಿನಲ್ಲಿನ ವಿಷಯದಲ್ಲಿ ಈ ಸುಖವಿಲ್ಲ. ಅದರ ಸ್ಥಿತಿ ಯಾವುದೇ ಪ್ರಕ್ರಿಯೆಯ ಸ್ವಂತ ಸೊತ್ತಲ್ಲವಾಗಿ, ಶಿಶು ಅಳಿದರೂ ಬದಲಾವಣೆ ಅಳಿಯದು. ಪಾಸ್‌ವರ್ಡನ್ನು ಕೇಳುವ ಸ್ಕ್ರಿಪ್ಟೊಂದು ಅಕ್ಷರಗಳು ತೆರೆಯ ಮೇಲೆ ಮೂಡದಂತೆ ಮಾಡಿರುವಾಗ ಬಳಕೆದಾರನು ಕಂಟ್ರೋಲ್-ಸಿ ಒತ್ತಿದನೆಂದರೆ, ಆಮೇಲೆ ಆತನು ಏನು ಟೈಪು ಮಾಡಿದರೂ ತೆರೆ ಮೂಕವಾಗಿಯೇ ಉಳಿಯಬಹುದು. ‘ಎಸ್‌ಟಿಟಿವೈ ಸೇನ್’ ಎಂದು (ಟರ್ಮಿನಲ್ಲಿನ ಸ್ಥಿತಿಯನ್ನು ಹೊಂದಿಸುವ ಆಜ್ಞೆಯಿದು) ಕುರುಡಾಗಿ ಟೈಪಿಸುವುದೇ ಸಾಮಾನ್ಯವಾಗಿ ಬಲ್ಲವರು ಹೇಳುವ ಮದ್ದು. ಇದಕ್ಕಾಗಿಯೇ ‘ಎಸ್‌ಟಿಟಿವೈ’ಗೆ ‘ಜಿ’ ಎಂಬ ಆಯ್ಕೆಯನ್ನಿತ್ತು, ಆಗಿನ ಸ್ಥಿತಿಯನ್ನೆಲ್ಲ ಒಂದು ಸಾಲಿನಲ್ಲಿ ಪಡೆದು, ಮುಂದೆ ಅದೇ ಸಾಲನ್ನು ಹಿಂದಿರುಗಿಸಿ ಪುನಃಸ್ಥಾಪಿಸುವ ಏರ್ಪಾಡಾಯಿತು. ಸ್ಕ್ರಿಪ್ಟು ನಡುವೆ ಕಡಿದುಬಿದ್ದರೂ ಈ ಪುನಃಸ್ಥಾಪನೆ ತಪ್ಪದಂತೆ ನೋಡಿಕೊಳ್ಳುವುದು ಶೆಲ್ಲಿನ ‘ಟ್ರ್ಯಾಪ್’ ಆಜ್ಞೆಯ ಕರ್ತವ್ಯ.

ಶೆಲ್ಲಿನ ಸ್ವಂತ ಆಯ್ಕೆಗಳಿಗೆ ಮೂರನೆಯ ಮಾರ್ಗವೊಂದು ದೊರೆಯಿತು. 1989ರಲ್ಲಿ ಕೆನೆತ್ ಆಲ್ಮ್‌ಕ್ವಿಸ್ಟ್ ರಚಿಸಿದ ಶೆಲ್ಲಿನ ವಂಶದಲ್ಲಿ, ಫಂಕ್ಷನ್ನಿನೊಳಗೆ ‘ಲೋಕಲ್’ ಎಂದು ಬರೆದು ಬಳಿಕ ಒಂದು ಅಡ್ಡಗೆರೆಯನ್ನು ಹಾಕಿದರೆ, ಅಲ್ಲಿ ಬದಲಿಸಿದ ಆಯ್ಕೆಗಳು ಫಂಕ್ಷನ್ ಮುಗಿದೊಡನೆ ತಾವಾಗಿಯೇ ಹಿಂದಿನಂತಾಗುತ್ತವೆ. ಅದೇ ವರ್ಷ ಹುಟ್ಟಿದ ಬ್ಯಾಶ್ ಈ ಸೌಲಭ್ಯವನ್ನು ಸ್ವೀಕರಿಸಿದ್ದು 2016ರ 4.4ನೆಯ ಆವೃತ್ತಿಯಲ್ಲಿ; ಅದೂ ‘ಸೆಟ್’ನಿಂದ ಬದಲಿಸಿದ ಆಯ್ಕೆಗಳಿಗೆ ಮಾತ್ರ. ಬ್ಯಾಶಿನ ಇನ್ನೊಂದು ಆಜ್ಞೆಯಾದ ‘ಶಾಪ್ಟ್’ನ ಆಯ್ಕೆಗಳಿಗೂ ಡೈರೆಕ್ಟರಿಗೂ ಕಡತಗಳ ಅನುಮತಿಯನ್ನು ನಿಯಂತ್ರಿಸುವ ‘ಯುಮಾಸ್ಕ್’ಗೂ ಅದರ ರಕ್ಷೆಯಿಲ್ಲ; ಅವನ್ನು ತಾತ್ಕಾಲಿಕವಾಗಿ ಬದಲಿಸುವವರು ಇಂದಿಗೂ ಥಾಂಪ್ಸನ್ನರ ಆವರಣಚಿಹ್ನೆಗಳನ್ನೇ ಆಶ್ರಯಿಸುತ್ತಾರೆ.