ಹೊಸರಿತ್ತಿಯ ಮೂವರು

ಗುತ್ತಲದ ಸೀಮೆಗೆ ಸ್ಮಾರಕವೆಂಬುದು ಹೊಸತಲ್ಲ. ಗುತ್ತ ಅರಸರು ಆಳಿದ ಈ ಭಾಗದಲ್ಲಿ ಊರಿಗಾಗಿ ಮಡಿದವನಿಗೆ ವೀರಗಲ್ಲು ನೆಡುತ್ತಿದ್ದರು. ಕೆಳಗೆ ಕಾಳಗ, ನಡುವೆ ಅವನನ್ನು ಕರೆದೊಯ್ಯುವ ಅಪ್ಸರೆಯರು, ಮೇಲೆ ಶಿವಲಿಂಗ. ಮಡಿದವನು ಅರಸನೇ ಆಗಬೇಕೆಂದಿರಲಿಲ್ಲ. ದನ ಕಾಯುವವನಿಗೂ ಕಲ್ಲು ಸಲ್ಲುತ್ತಿತ್ತು.

ಗುತ್ತಲಕ್ಕೆ ಸಮೀಪದ ಹೊಸರಿತ್ತಿಯಲ್ಲಿ 1943ರ ಏಪ್ರಿಲ್ 1ರಂದು ಮೂವರು ಪೊಲೀಸರ ಗುಂಡಿಗೆ ಬಲಿಯಾದರು. ಬ್ರಿಟಿಷ್ ಸರಕಾರ ರೈತರಿಂದ ವಸೂಲು ಮಾಡಿದ ಕಂದಾಯದ ಹಣ ಅಲ್ಲಿನ ವೀರಭದ್ರ ದೇವಾಲಯದಲ್ಲಿತ್ತು. ಅದನ್ನು ವಶಪಡಿಸಿಕೊಳ್ಳಲು ಹೋದವರು ಅವರು. ಮುಂದಾಳು ಮೋಟೆಬೆನ್ನೂರಿನ ಮೈಲಾರ ಮಹಾದೇವಪ್ಪ. 1930ರಲ್ಲಿ ಗಾಂಧೀಜಿಯೊಂದಿಗೆ ದಂಡಿಗೆ ನಡೆದಿದ್ದ ತರುಣ. ಸಾಯುವಾಗ ವಯಸ್ಸು 32 ತುಂಬಿರಲಿಲ್ಲ. ಜೊತೆಗೆ ಮಡಿದವರು ತಿರಕಪ್ಪ ಮಡಿವಾಳರ ಮತ್ತು ವೀರಯ್ಯ ಹಿರೇಮಠ.

ಹಾವೇರಿಯ ವೀರಸೌಧ ಈ ಮೂವರ ನೆನಪಿನದು. ಆದರೆ 2018ರಲ್ಲಿ ಅಂಚೆಚೀಟಿ ಬಂದದ್ದು ಮೈಲಾರರ ಹೆಸರಿನಲ್ಲಿ, ಹಾವೇರಿ ರೈಲು ನಿಲ್ದಾಣಕ್ಕಿರುವುದೂ ಅವರದೇ ಹೆಸರು. ಸಲ್ಲಬೇಕಾದ ಗೌರವವೇ, ತಕರಾರಿಲ್ಲ. ಗುಂಡು ಮಾತ್ರ ಮುಂದಾಳು, ಹಿಂಬಾಲಕ ಎಂದು ನೋಡಿರಲಿಲ್ಲ. ನಿಲ್ದಾಣದ ಫಲಕವನ್ನಷ್ಟೇ ಓದಿ ಊರೊಳಗೆ ಹೋಗುವವರಿಗೆ ತಿರಕಪ್ಪ, ವೀರಯ್ಯ ಯಾರೆಂದು ತಿಳಿಯಬೇಕಾದರೆ ವೀರಸೌಧದವರೆಗೆ ಹೋಗಬೇಕು.