ರಸ್ತೆಯ ಹೊದಿಕೆಯಾಗಿ ಡಾಂಬರು: ಒಂದು ಚಾರಿತ್ರಿಕ ಅವಲೋಕನ

ಕನ್ನಡದಲ್ಲಿ ‘ಡಾಂಬರು’ ಎಂಬ ಒಂದೇ ಪದವು ಎರಡು ಭಿನ್ನ ವಸ್ತುಗಳಿಗೆ ಬಳಕೆಯಾಗುತ್ತ ಬಂದಿದೆ. ಕಲ್ಲಿದ್ದಲನ್ನು ಗಾಳಿಯ ಸಂಪರ್ಕವಿಲ್ಲದೆ ಕಾಯಿಸಿದಾಗ ದೊರೆಯುವ ಟಾರ್ ಒಂದು. ಕಚ್ಚಾ ತೈಲವನ್ನು ಬಟ್ಟಿ ಇಳಿಸಿದ ಬಳಿಕ ತಳದಲ್ಲಿ ಉಳಿಯುವ ಬಿಟುಮೆನ್ ಇನ್ನೊಂದು. ಈ ಬಿಟುಮೆನ್ನಿನೊಡನೆ ಜಲ್ಲಿ, ಮರಳು ಮತ್ತು ಕಲ್ಲುಪುಡಿ ಬೆರೆತ ಮಿಶ್ರಣವೇ ಆಸ್ಫಾಲ್ಟ್. ಅಮೆರಿಕದಲ್ಲಿ ಬಿಟುಮೆನ್ನನ್ನೇ ಆಸ್ಫಾಲ್ಟ್ ಎನ್ನುವ ರೂಢಿಯಿರುವುದರಿಂದ ಗೊಂದಲ ಇನ್ನಷ್ಟು ಹೆಚ್ಚಿದೆ. ಇದು ಬರಿಯ ಪದಗಳ ಪ್ರಶ್ನೆಯಲ್ಲ. ಟಾರನ್ನು ಮೊಲದ ಕಿವಿಗೆ ಮತ್ತೆ ಮತ್ತೆ ಲೇಪಿಸಿ ಅರ್ಬುದ ರೋಗ ಹುಟ್ಟುವುದನ್ನು ಜಪಾನಿನ ಯಾಮಾಗಿವಾ ಮತ್ತು ಇಚಿಕಾವಾ 1915ರಲ್ಲಿ ತೋರಿಸಿಕೊಟ್ಟರು. ರಸ್ತೆ ಕೆಲಸಗಾರನ ದೃಷ್ಟಿಯಿಂದ ಎರಡರ ನಡುವಣ ಅಂತರ ಸಣ್ಣದಲ್ಲ.

ಬಿಟುಮೆನ್ನಿನ ಅತ್ಯಂತ ಹಳೆಯ ಉಪಯೋಗಗಳಲ್ಲಿ ನೀರನ್ನು ತಡೆಯುವುದೇ ಮುಖ್ಯವಾಗಿತ್ತು. ಮೊಹೆಂಜೊದಾರೋದ ಮಹಾ ಸ್ನಾನಗೃಹದ ಇಟ್ಟಿಗೆ ಗೋಡೆಗೆ ಇದರ ಲೇಪವಿದೆ. ಬ್ಯಾಬಿಲೋನಿನವರು ಯೂಫ್ರೆಟಿಸ್ ತೀರದ ಹಿಟ್ ಎಂಬಲ್ಲಿ ನೆಲದಿಂದ ತಾನಾಗಿ ಒಸರುತ್ತಿದ್ದ ಬಿಟುಮೆನ್ನನ್ನು ತಂದು ಕೋಟೆಗೋಡೆಗಳಿಗೂ ಮೆರವಣಿಗೆಯ ಬೀದಿಗೂ ಬಳಸಿದರು. ನೀರನ್ನು ತಡೆಯುವ ಈ ಗುಣವನ್ನು ಮುಂದಿನ ಇತಿಹಾಸದುದ್ದಕ್ಕೂ ಗಮನದಲ್ಲಿ ಇರಿಸಿಕೊಳ್ಳಬೇಕಾಗುತ್ತದೆ.

ಆಧುನಿಕ ರಸ್ತೆಯ ತತ್ತ್ವವನ್ನು ರೂಪಿಸಿದ ಸ್ಕಾಟ್ಲೆಂಡಿನ ಜಾನ್ ಲೌಡನ್ ಮೆಕಾಡಂ (1756–1836) ಬಿಟುಮೆನ್ ಬಳಸಿದವನಲ್ಲ. ವಾಹನದ ಭಾರವನ್ನು ವಾಸ್ತವವಾಗಿ ಹೊರುವುದು ಕೆಳಗಿನ ಸಹಜ ಮಣ್ಣೇ, ಅದನ್ನು ಒಣಗಿದ ಸ್ಥಿತಿಯಲ್ಲಿ ಇಟ್ಟರೆ ಎಷ್ಟು ಭಾರವನ್ನಾದರೂ ಹೊತ್ತೀತು ಎಂಬುದು ಅವನ ಪ್ರತಿಪಾದನೆ. ಆರು ಔನ್ಸಿಗೆ ಮೀರದ, ಅಂದರೆ ಸುಮಾರು 170 ಗ್ರಾಮಿನೊಳಗಿನ ಒಡೆದ ಕಲ್ಲುಗಳನ್ನು ಪದರಪದರವಾಗಿ ಹರಡಿದರೆ ಅವುಗಳ ಕೋನಗಳೇ ಒಂದನ್ನೊಂದು ಬಿಗಿಹಿಡಿಯುತ್ತವೆ ಎಂದು ಅವನು ವಾದಿಸಿದನು. ಕಬ್ಬಿಣದ ಪಟ್ಟಿಯ ಗಾಡಿಚಕ್ರಗಳು ಮೇಲಿನ ಕಲ್ಲನ್ನು ಅರೆದು ಪುಡಿ ಮಾಡುತ್ತಿದ್ದವು. ಆ ಪುಡಿ ಮಳೆನೀರಿನೊಡನೆ ಸಂದುಗಳಿಗೆ ಇಳಿದು ರಸ್ತೆಯನ್ನು ಗಟ್ಟಿಗೊಳಿಸುತ್ತಿತ್ತು. ರಸ್ತೆಯನ್ನು ಸವೆಸುವ ಚಕ್ರವೇ ಅದನ್ನು ರಿಪೇರಿಯನ್ನೂ ಮಾಡುತ್ತಿದ್ದ ವಿಚಿತ್ರ ವ್ಯವಸ್ಥೆಯಿದು.

ಈ ಸಮತೋಲವನ್ನು ಕೆಡಿಸಿದ್ದು ಮೋಟಾರು ವಾಹನ. ವೇಗವಾಗಿ ಉರುಳುವ ರಬ್ಬರ್ ಚಕ್ರವು ಕಲ್ಲನ್ನು ಅರೆಯುವುದಿಲ್ಲ. ಸಂದಿನ ಪುಡಿಯನ್ನು ಮೇಲಕ್ಕೆ ಹೀರಿ ಗಾಳಿಗೆ ತೂರುತ್ತದೆ. ಪುಡಿ ಹೋದ ಮೇಲೆ ಜಲ್ಲಿ ಸಡಿಲವಾಗಿ ರಸ್ತೆ ಚದುರುತ್ತದೆ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಯುರೋಪಿನ ರಸ್ತೆಬದಿಯ ಮನೆಗಳನ್ನೂ ತೋಟಗಳನ್ನೂ ಕಾಡಿದ ಧೂಳಿನ ಮೂಲ ಇದೇ. 1902ರಲ್ಲಿ ಮೊನಾಕೋದಲ್ಲಿ ಗುಲ್ಯೆಲ್ಮಿನೆಟ್ಟಿ ಎಂಬ ಸ್ವಿಸ್ ವೈದ್ಯನು ಧೂಳನ್ನು ಅಡಗಿಸಲು ರಸ್ತೆಗೆ ಬಿಸಿ ಟಾರನ್ನು ಬಳಿಯಿಸಿದನು. ವೈದ್ಯನೊಬ್ಬನು ಈ ಸಮಸ್ಯೆಯ ಬೆನ್ನುಹತ್ತಿದ್ದು ಅರ್ಥಪೂರ್ಣವಾಗಿದೆ. ಅದೇ ವರ್ಷ ಇಂಗ್ಲೆಂಡಿನ ಎಡ್ಗರ್ ಪರ್ನೆಲ್ ಹೂಲಿ ಟಾರನ್ನೂ ಕುಲುಮೆಯ ಕಿಟ್ಟವನ್ನೂ ಬೆರೆಸಿದ ‘ಟಾರ್ಮ್ಯಾಕ್’ಗೆ ಪೇಟೆಂಟ್ ಪಡೆದನು. 1908ರಲ್ಲಿ ಪ್ಯಾರಿಸ್ಸಿನಲ್ಲಿ ಸೇರಿದ ಪ್ರಥಮ ಅಂತಾರಾಷ್ಟ್ರೀಯ ರಸ್ತೆ ಸಮ್ಮೇಳನದಲ್ಲಿ ಮೋಟಾರಿಗೆ ರಸ್ತೆಯನ್ನು ಹೊಂದಿಸುವುದೇ ಪ್ರಧಾನ ಚರ್ಚೆಯಾಯಿತು.

ಆಸ್ಫಾಲ್ಟ್ ಇದಕ್ಕೆ ಮುಂಚೆಯೇ ನಗರಗಳನ್ನು ಪ್ರವೇಶಿಸಿತ್ತು. ಸ್ವಿಟ್ಜರ್ಲೆಂಡಿನ ವಾಲ್ ದ ಟ್ರಾವೆರ್ ಕಣಿವೆಯಲ್ಲಿ ಬಿಟುಮೆನ್ ತುಂಬಿದ ಸುಣ್ಣಕಲ್ಲಿನ ಗಣಿಯಿತ್ತು. ಗಾಡಿಗಳಿಂದ ಉದುರಿದ ಅದರ ಚೂರುಗಳು ಚಕ್ರಗಳಡಿ ಒತ್ತಿಕೊಂಡು ನಯವಾದ ಹಾಸಾದುದನ್ನು ಮೆರಿಯನ್ ಎಂಬ ಎಂಜಿನಿಯರನು ಗುರುತಿಸಿದನು. 1854ರಲ್ಲಿ ಪ್ಯಾರಿಸ್ಸಿನ ಬೀದಿಗೂ 1869ರಲ್ಲಿ ಲಂಡನ್ನಿನ ಥ್ರೆಡ್‌ನೀಡಲ್ ಸ್ಟ್ರೀಟಿಗೂ ಇಂಥ ಹಾಸು ಬಂದಿತು. 1870ರಲ್ಲಿ ಬೆಲ್ಜಿಯಂ ಮೂಲದ ಎಡ್ವರ್ಡ್ ದ ಸ್ಮೆಡ್ಟ್ ಅಮೆರಿಕದ ನ್ಯೂಅರ್ಕಿನಲ್ಲಿ ಮರಳು ಬೆರೆತ ಆಸ್ಫಾಲ್ಟನ್ನು ಹಾಸಿದನು. ಕೆಲವೇ ವರ್ಷಗಳಲ್ಲಿ ವಾಷಿಂಗ್ಟನ್ನಿನ ಪೆನ್ಸಿಲ್ವೇನಿಯಾ ಅವೆನ್ಯೂಗೆ ಟ್ರಿನಿಡಾಡ್ ದ್ವೀಪದ ಪಿಚ್ ಸರೋವರದ ಆಸ್ಫಾಲ್ಟ್ ಬಂದಿತು. ಸುಮಾರು ನೂರು ಎಕರೆ ವಿಸ್ತಾರದ ಈ ಕಪ್ಪು ಸರೋವರದ ಸರಕಿನಿಂದ ವಾಲ್ಟರ್ ರಾಲಿ 1595ರಲ್ಲಿಯೇ ತನ್ನ ಹಡಗುಗಳ ಬಿರುಕು ಮುಚ್ಚಿಸಿದ್ದನು. ಸಂಸ್ಕರಣಾಗಾರಗಳು ಬೆಳೆದಂತೆ ತೈಲದ ಉಳಿಕೆ ಅಗ್ಗವಾಗಿ ದೊರೆಯತೊಡಗಿ, 1907ರ ವೇಳೆಗೆ ಅಮೆರಿಕದಲ್ಲಿ ಸಹಜ ಆಸ್ಫಾಲ್ಟ್ ಹಿಂದೆ ಬಿದ್ದಿತು. ರಸ್ತೆಗಳನ್ನು ಸವೆಸಿದ ಮೋಟಾರಿನ ಪೆಟ್ರೋಲಿನ ಬೆನ್ನಿಗೇ ರಸ್ತೆಗಳನ್ನು ಕಾಯುವ ವಸ್ತುವೂ ಅದೇ ಸ್ಥಾವರದಿಂದ ಹೊರಬಂದಿತು.

ಭಾರತದಲ್ಲಿ ಮೊದಲ ಮಹಾಯುದ್ಧದ ನಂತರ ಮೋಟಾರು ಸಂಚಾರ ಏರಿದಾಗ ಗರಸು ಮತ್ತು ಜಲ್ಲಿಯ ರಸ್ತೆಗಳು ತಾಳಲಿಲ್ಲ. 1927ರಲ್ಲಿ ಎಂ.ಆರ್. ಜಯಕರ್ ಅಧ್ಯಕ್ಷತೆಯ ಸಮಿತಿ ನೇಮಕವಾಗಿ, ಮರುವರ್ಷ ವರದಿ ಸಲ್ಲಿಸಿತು. ಪೆಟ್ರೋಲಿನ ಪ್ರತಿ ಗ್ಯಾಲನ್ನಿನ ಮೇಲೆ ಎರಡಾಣೆಯ ಹೆಚ್ಚುವರಿ ಸುಂಕ ವಿಧಿಸಿ 1929ರಲ್ಲಿ ಕೇಂದ್ರ ರಸ್ತೆ ನಿಧಿಯನ್ನು ಸ್ಥಾಪಿಸಲಾಯಿತು. 1934ರಲ್ಲಿ ಇಂಡಿಯನ್ ರೋಡ್ಸ್ ಕಾಂಗ್ರೆಸ್ ಜನ್ಮತಾಳಿತು. ಕರ್ನಾಟಕದ ಮಂಗಳೂರಿನ ಸಂಸ್ಕರಣಾಗಾರವೂ ಮುಂದೆ ಬಿಟುಮೆನ್ ಉತ್ಪಾದಕರ ಸಾಲಿಗೆ ಸೇರಿತು.

ಕಚ್ಚಾ ತೈಲದಿಂದ ಪೆಟ್ರೋಲ್, ಸೀಮೆಎಣ್ಣೆ, ಡೀಸೆಲ್ ಬೇರ್ಪಟ್ಟ ಮೇಲೆ ಉಳಿಯುವ ಭಾಗವನ್ನು ನಿರ್ವಾತದಲ್ಲಿ ಮತ್ತೆ ಬಟ್ಟಿ ಇಳಿಸಿದಾಗ ತಳಕ್ಕೆ ನಿಲ್ಲುವುದೇ ಬಿಟುಮೆನ್. ಅದರ ಗಡಸುತನವನ್ನು ಬಹುಕಾಲ ಸೂಜಿಯಿಂದ ಅಳೆಯಲಾಗುತ್ತಿತ್ತು: 25 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ 100 ಗ್ರಾಮ್ ಭಾರದ ಸೂಜಿ ಐದು ಸೆಕೆಂಡಿನಲ್ಲಿ ಎಷ್ಟು ಇಳಿಯುತ್ತದೆ ಎಂಬುದೇ ಮಾನ. 2006ರ ಭಾರತೀಯ ಮಾನಕವು ಇದರ ಬದಲು ಸ್ನಿಗ್ಧತೆಯನ್ನು ವರ್ಗೀಕರಣದ ಆಧಾರವಾಗಿಸಿತು. ಮಿಶ್ರಣ ಸ್ಥಾವರದಲ್ಲಿ ಜಲ್ಲಿಯನ್ನು ಉರುಳುವ ಪೀಪಾಯಿಯೊಳಗೆ ಒಣಗಿಸಿ ಕಾಯಿಸುತ್ತಾರೆ. ಸಾಮಾನ್ಯವಾಗಿ ಬಳಸುವ ದರ್ಜೆಯಾದರೆ 150ರಿಂದ 165 ಡಿಗ್ರಿಯಲ್ಲಿ ಬೆರೆಸುತ್ತಾರೆ. ತೂಕದಲ್ಲಿ ಬಿಟುಮೆನ್ನಿನ ಪಾಲು ನೂರಕ್ಕೆ ಸುಮಾರು ಐದು ಮಾತ್ರ. ಹಾಸಿದ ಮಿಶ್ರಣ 90 ಡಿಗ್ರಿಗೆ ಆರುವ ಮುನ್ನವೇ ರೋಲರ್ ತನ್ನ ಕೆಲಸ ಮುಗಿಸಬೇಕು.

ಸಂದಿಲ್ಲದ ನಯವಾದ ಮೈ, ಕಡಿಮೆ ಸದ್ದು, ಹಾಸಿದ ದಿನವೇ ಸಂಚಾರಕ್ಕೆ ಬಿಡಬಹುದಾದ ಅನುಕೂಲ, ತೇಪೆ ಹಾಕುವ ಸೌಕರ್ಯ, ಹಳೆಯದನ್ನು ಕೆರೆದು ಕಾಯಿಸಿ ಮತ್ತೆ ಬಳಸುವ ಸಾಧ್ಯತೆ ಮುಂತಾದ ಪ್ರಯೋಜನಗಳು ನಿರ್ವಿವಾದ. ಆದರೆ ಗ್ರಾಮೀಣ ರಸ್ತೆಗಳ ಮೇಲೆ ಹಾಸುವ 20 ಮಿಲಿಮೀಟರಿನ ಪದರವು ಭಾರ ಹೊರುವ ಅಂಗವೇ ಅಲ್ಲ. ಅದು ಮಾಡು, ಅಡಿಪಾಯವಲ್ಲ. ಚರಂಡಿಯಿಲ್ಲದ ರಸ್ತೆಗೆ ಡಾಂಬರು ಬಳಿಯುವುದೆಂದರೆ ಮೆಕಾಡಮನ ಮೊದಲ ಪಾಠವನ್ನೇ ಮರೆತಂತೆ. ಪಕ್ಕದಿಂದ ಒಳಸೇರಿದ ನೀರು ಕೆಳಗಿನ ಮಣ್ಣನ್ನು ಮೆದುವಾಗಿಸಿದರೆ ಮೇಲಿನ ಪದರ ಬಿರಿಯುವುದು ಖಚಿತ. ಮಳೆಗಾಲದ ಗುಂಡಿಗಳಿಗೆ ಡಾಂಬರನ್ನಷ್ಟೇ ದೂರುವುದು ಈ ಕಾರಣದಿಂದ ಅರೆಸತ್ಯ.

ನೀರಿನ ಎರಡನೆಯ ದಾಳಿ ಕಲ್ಲಿನ ಮೈಯಲ್ಲಿಯೇ ನಡೆಯುತ್ತದೆ. ದಕ್ಷಿಣ ಕರ್ನಾಟಕದಲ್ಲಿ ಧಾರಾಳವಾಗಿ ದೊರೆಯುವ ಗ್ರಾನೈಟ್ ಸಿಲಿಕಾ ಹೆಚ್ಚಿರುವ ಕಲ್ಲು. ಅದಕ್ಕೆ ಬಿಟುಮೆನ್ನಿಗಿಂತ ನೀರಿನ ಮೇಲೆ ಒಲವು ಹೆಚ್ಚು. ಬೆಳಗಾವಿ, ವಿಜಯಪುರ ಕಡೆಯ ಕಪ್ಪು ಬಸಾಲ್ಟಿಗೆ ಬಿಟುಮೆನ್ ಇದಕ್ಕಿಂತ ಚೆನ್ನಾಗಿ ಅಂಟುತ್ತದೆ. ಲೇಪಿತ ಜಲ್ಲಿಯನ್ನು 40 ಡಿಗ್ರಿಯ ನೀರಿನಲ್ಲಿ 24 ಗಂಟೆ ಮುಳುಗಿಸಿಟ್ಟಾಗ ಲೇಪವು ನೂರಕ್ಕೆ ಐದಕ್ಕಿಂತ ಹೆಚ್ಚು ಕಳಚಬಾರದೆಂಬ ನಿಯಮ ಇರುವುದು ಇದಕ್ಕಾಗಿಯೇ. ಪ್ಲಾಸ್ಟಿಕ್ ತ್ಯಾಜ್ಯದ ಪ್ರಯೋಗಗಳನ್ನೂ ಈ ಹಿನ್ನೆಲೆಯಲ್ಲಿ ಕಾಣಬೇಕು. ಮದುರೆಯ ರಾಜಗೋಪಾಲನ್ ವಾಸುದೇವನ್ ಅವರು ಬಿಸಿ ಜಲ್ಲಿಗೆ ಮೊದಲು ಪ್ಲಾಸ್ಟಿಕ್ ಚೂರುಗಳ ತೆಳುಪೊರೆ ಹಿಡಿಸಿ, ಬಳಿಕ ಬಿಟುಮೆನ್ ಬೆರೆಸುವ ಕ್ರಮವನ್ನು ರೂಪಿಸಿದರು. ಬೆಂಗಳೂರು ವಿಶ್ವವಿದ್ಯಾನಿಲಯದಲ್ಲಿ ಸಿ.ಇ.ಜಿ. ಜಸ್ಟೋ ಮತ್ತು ಎ. ವೀರರಾಘವನ್ ಅವರು 2002ರಲ್ಲಿ ಪ್ಲಾಸ್ಟಿಕ್ ಚೀಲಗಳ ತ್ಯಾಜ್ಯವನ್ನು ಬಿಟುಮೆನ್ ಮಿಶ್ರಣದಲ್ಲಿ ಬಳಸುವ ಬಗೆಗೆ ಅಧ್ಯಯನ ನಡೆಸಿದರು. ಇಂಡಿಯನ್ ರೋಡ್ಸ್ ಕಾಂಗ್ರೆಸ್ ಇದಕ್ಕೆ ಮಾರ್ಗಸೂಚಿಯನ್ನು ಹೊರತಂದದ್ದು 2013ರಲ್ಲಿ.